ಸದರಿ ಗಾಯಾಳು ನಾನೇ

ಕಾರು ಕಲಿಯಬೇಕೆಂದು ನನ್ನ ಗಂಡನಿಗೆ ಅನ್ನಿಸಿದ್ದು ಐವತ್ತು ದಾಟಿದ ಮೇಲೆ, ಅದೂ ಯಲಬುರ್ಗಾದಲ್ಲಿ. ಅವರ ತಂಗಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಉಡುಗೊರೆಯಾಗಿ ಒಯ್ಯುತ್ತಿದ್ದ ತೊಟ್ಟಿಲನ್ನು ಮುಂದಿನ ಸೀಟಿಗೆ ಕಟ್ಟಿದ್ದರಿಂದ ಅವರು ಹಿಂದೆ ಕೂತಿದ್ದರು, ನಾನು ಕಾರು ಓಡಿಸುತ್ತಿದ್ದೆ. ಮನೆ ಮುಂದೆ ನಿಲ್ಲಿಸಿದ ಕೂಡಲೇ ತಂಗಿಯ ಗಂಡ ಬಾಗಿಲಿಗೆ ಬಂದು, “ಬರ್ರಿ ಸಾಹೇಬ್ರ, ಲೇಡಿ ಡ್ರೈವರ್ ಛಲೋ ಸಿಕ್ಕಾರ ಬಿಡ್ರಿ ನಿಮಗ” ಎಂದರು. ಅಂಗಳದಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ಆದರೆ ವಾಪಸು ಬರುವಾಗ ಹಿಟ್ನಾಳ ಬರುವವರೆಗೂ ಒಂದು ಮಾತೂ ಆಡಲಿಲ್ಲ. ಅಲ್ಲಿ ಚಹಾಕ್ಕೆ ನಿಲ್ಲಿಸಿದಾಗ, “ನಾನೂ ಗಾಡಿ ಕಲೀತೀನಿ” ಎಂದರು.

ನಾನು ಸಿದ್ದಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗಂಗಾವತಿಯಿಂದ ದಿನಾ ಹೋಗಿಬರಲು ಕಾರು ಕೊಂಡವಳು ನಾನು, ಕಲಿತವಳು ನಾನು, ಕಾಗದಪತ್ರ ಇದ್ದದ್ದೂ ನನ್ನ ಹೆಸರಿನಲ್ಲಿ. ಇವರದು ಊರೊಳಗೆ ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿ. ಓಡಾಟವೆಲ್ಲ ಒಂದು ಹಳೆಯ ಮೊಪೆಡ್ಡಿನ ಮೇಲೆ. ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು ಬಂದರು. ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರದ ಹಲಗೆ ಅಂಟಿಸಿದರು. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಅಕ್ಕಿ ಗಿರಣಿಯ ಪಕ್ಕದ ಬಯಲಿನಲ್ಲಿ ನಮ್ಮ ಪಾಠ ಶುರುವಾಯಿತು.

ಮುಂದಕ್ಕೆ ಹೋಗುವುದನ್ನು ಅವರು ಬೇಗ ಕಲಿತರು. ಗೇರು, ಬ್ರೇಕು, ಹಾರ್ನು ಎಲ್ಲ ಬಂದವು. ತೊಡಕಾದದ್ದು ಹಿಂದಕ್ಕೆ ಹೋಗುವುದು. ಅವರಿಗೆ ಕನ್ನಡಿಯ ಮೇಲೆ ನಂಬಿಕೆ ಇರಲಿಲ್ಲ, ನನ್ನ ಮೇಲೆ ಇತ್ತು. ಹೀಗಾಗಿ ಮನೆ ಗೇಟಿನೊಳಗೆ ಕಾರನ್ನು ಹಿಮ್ಮುಖವಾಗಿ ಒಯ್ಯುವಾಗ ನಾನು ಇಳಿದು ಹಿಂದೆ ನಿಂತು ಹೇಳಬೇಕು, ಅವರು ನನ್ನ ದನಿ ಕೇಳಿಕೊಂಡು ಬರಬೇಕು. ಇದು ನಮ್ಮ ಪದ್ಧತಿ.

ನಮ್ಮ ಮನೆ ಇರುವುದು ಕನಕಗಿರಿ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡು. ಕನಕಗಿರಿ, ಕುಷ್ಟಗಿ ಬಸ್ಸುಗಳೆಲ್ಲ ಗೇಟಿನ ಮುಂದೆಯೇ ಹಾದು ಹೋಗುತ್ತವೆ. ಆ ಭಾನುವಾರ ಕಾರಿನ ಮೂತಿ ರಸ್ತೆಯಲ್ಲಿತ್ತು, ಬೆನ್ನು ಗೇಟಿನ ಕಡೆಗಿತ್ತು. ನಾನು ಗೇಟಿನ ಕಂಬದ ಬಳಿ ನಿಂತು “ಬರ್ಲಿ, ಬರ್ಲಿ, ಇನ್ನಾ ಬರ್ಲಿ” ಎನ್ನುತ್ತಿದ್ದೆ. ಕಾರು ಕಂಬದ ಕಡೆ ವಾಲತೊಡಗಿತು. ನಾನು “ಬಸ್!” ಎಂದೆ.

ನಮ್ಮ ಕಡೆ ಸಾಕು ಎನ್ನುವುದಕ್ಕೆ ಬಸ್ ಎನ್ನುತ್ತೇವೆ. ತಾಟಿಗೆ ಅನ್ನ ಹಾಕುವವರಿಗೆ ಬಸ್, ಚಹಾ ಸುರಿಯುವವರಿಗೆ ಬಸ್, ಗದ್ದಲ ಮಾಡುವ ಹುಡುಗರಿಗೂ ಬಸ್. ಇವರೂ ಹುಟ್ಟಿದಾಗಿನಿಂದ ಹಾಗೇ ಹೇಳಿದವರು. ಆದರೆ ಆ ಕ್ಷಣದಲ್ಲಿ ಅವರ ಜೀವವೆಲ್ಲ ರಸ್ತೆಯಲ್ಲಿದ್ದ ಕಾರಿನ ಮೂತಿಯ ಮೇಲಿತ್ತು. ಕುಷ್ಟಗಿ ಬಸ್ಸು ಬಂತು ಎಂದೇ ಅವರು ತಿಳಿದರು. ಬಸ್ಸು ಬಂದು ಗುದ್ದುವುದರೊಳಗೆ ಒಳಗೆ ಸೇರಿಬಿಡಬೇಕೆಂದು ರೇಸ್ ಮಾಡಿದರು. ನಾನು ಇನ್ನೂ ಜೋರಾಗಿ “ಬಸ್! ಬಸ್!” ಎಂದೆ. ಅವರು ಇನ್ನೂ ಜೋರಾಗಿ ಬಂದರು.

ಎಲುಬು ಮುರಿದ ಸದ್ದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಕಿಟಕಿಯಿಂದ ಬಂದ ಇವರ ಮಾತು: “ಬಸ್ ಹೋತೇನು?”

ಮೊದಲು ಓಡಿ ಬಂದವರು ಎದುರಿನ ಗಾದಿ ಅಂಗಡಿಯ ಚಾಚಾ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಮನೆತನದ ಕಸುಬು. ಗಡ್ಡದಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಇರುತ್ತದೆ. ನನ್ನನ್ನು ನೋಡಿದವರೇ ತಿರುಗಿ ಅಂಗಡಿಗೆ ಓಡಿ, ಆಗಷ್ಟೇ ಹೊಲಿದು ಮುಗಿಸಿದ ಒಂದು ಗಾದಿ ಹೊತ್ತು ತಂದರು. ಕನಕಗಿರಿಯ ಒಂದು ಮದುವೆ ಮನೆಯವರು ಮಾಡಿಸಿದ್ದ, ಗುಲಾಬಿ ಹೂವಿನ ಚಿತ್ರದ ಗಾದಿ. ಇಬ್ಬರು ದಾರಿಹೋಕರನ್ನು ಕರೆದು ನನ್ನನ್ನು ಅದರ ಮೇಲೆ ಮಲಗಿಸಿ, ಗಾದಿ ಸಮೇತ ಲಗೇಜ್ ಆಟೊಕ್ಕೆ ಏರಿಸಿದರು. ಅಷ್ಟು ಹೊತ್ತು ನನ್ನ ಗಂಡ ಏನು ಮಾಡುತ್ತಿದ್ದರು? ಹ್ಯಾಂಡ್‌ಬ್ರೇಕ್ ಎಳೆದರು, ಗೇರು ತೆಗೆದರು, ಗಾಜು ಏರಿಸಿದರು, ಕೀಲಿ ಹಾಕಿ, ಬಾಗಿಲು ಭದ್ರವಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿದರು. ನಾನು ಕಲಿಸಿದ್ದೇ ಹಾಗೆ. ಆಮೇಲೆ ಓಡಿ ಬಂದು ಆಟೊ ಹತ್ತಿ ನನ್ನ ಕೈ ಹಿಡಿದುಕೊಂಡರು. ಅವರ ಕೈ ನನ್ನ ಕೈಗಿಂತ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎಡಗಾಲಿನ ಎಕ್ಸ್‌ರೇ ನೋಡಿ, ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದರು. ಮಧ್ಯಾಹ್ನ ಒಬ್ಬ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಬಂದರು. ನನಗಿಂತ ಸ್ವಲ್ಪ ಚಿಕ್ಕವರು, ಮುಖದಲ್ಲಿ ಅಂತಃಕರಣ. ಕುರ್ಚಿ ಎಳೆದುಕೊಂಡು ಕೂತು ನನ್ನ ಕೈ ಸವರಿದರು.

“ಹೆದರಬ್ಯಾಡ್ರಿ ಅಕ್ಕಾರ. ನಾ ಅದೀನಿ. ಯಾರು ಹೊಡದ್ರು?”

“ನಮ್ಮ ಮನಿಯವರು.”

ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಗಂಡನನ್ನು ಒಮ್ಮೆ ದಿಟ್ಟಿಸಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

“ಯಾವಾಗಿಂದ ಹೊಡೀತಾರ?”

“ಒಂದೆರಡು ತಿಂಗಳಾತ್ರಿ. ಬರೇ ರವಿವಾರ.”

“ಬರೇ ರವಿವಾರ?”

“ನನಗ ಸಾಲಿ ಸೂಟಿ ಇರ್ತೈತಲ್ರಿ. ನಾನಾ ಮುಂದ ಕುಂತು ಹೊಡಿ ಅಂತ ಹೇಳಿ ಕೊಡ್ತೀನಿ.”

ಅವರ ಪೆನ್ನು ನಿಂತಿತು. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ನನಗೆ ಏನೂ ಹೊಳೆದಿರಲಿಲ್ಲ. ಗಾಡಿ ನಡೆಸುವುದಕ್ಕೂ ಹೊಡೆಯುವುದೆಂದೇ ನಾವು ಹೇಳುತ್ತೇವಲ್ಲ, ಆ ಲೆಕ್ಕದಲ್ಲಿ ನಾನು ಉತ್ತರ ಕೊಡುತ್ತಿದ್ದೆ. ಅವರು ಬಹಳ ಮೆಲ್ಲಗೆ ಕೇಳಿದರು, “ಕುಡದು ಹೊಡೀತಾರೇನ್ರಿ?”

“ಇಲ್ರಿ. ಹೊಡದ ಮ್ಯಾಲೆ ಚಹಾ ಕುಡೀತಾರ.”

ಕಾರು ಎಂಬ ಮಾತು ಬರುವಷ್ಟರಲ್ಲಿ ಅವರು ಅರ್ಧ ಪುಟ ಬರೆದಾಗಿತ್ತು. ಅದನ್ನು ಹರಿದು ಮತ್ತೆ ಮೊದಲಿನಿಂದ ಬರೆದರು. ಗೇಟಿನ ಬಳಿ ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, “ನೋಡ್ರಿ, ನನಗ ಅವರ ಮ್ಯಾಲೆ ಯಾವ ದೂರೂ ಇಲ್ಲ” ಎಂದೆ.

“ದೂರು ನಿಮ್ದಲ್ರಿ ಅಕ್ಕಾರ,” ಎಂದು ಅವರು ಸಮಾಧಾನ ಹೇಳಿದರು. “ಕಾಲು ನಿಮ್ದು, ಕೇಸು ಸರ್ಕಾರದ್ದು.”

ಆ ಹೇಳಿಕೆಯ ಕೆಳಗೆ ನಾನು ಸಹಿ ಮಾಡಿದೆ. ಮಕ್ಕಳ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಗೆರೆ ಎಳೆಯುವವಳು, ಅವತ್ತು ಒಂದು ಸಾಲೂ ಓದಲಿಲ್ಲ. ಅದರಲ್ಲಿ ಹೀಗಿತ್ತು: “ಬಸ್ಸು ಬರುತ್ತಿರುವುದನ್ನು ಗಾಯಾಳುವು ಕೂಗಿ ತಿಳಿಸಲಾಗಿ, ಚಾಲಕನು ಗಾಬರಿಗೊಂಡು ಅತಿವೇಗ ಮತ್ತು ಅಜಾಗರೂಕತೆಯಿಂದ ಹಿಮ್ಮುಖವಾಗಿ ಚಲಾಯಿಸಿ.”

ನನ್ನನ್ನು ಮನೆಗೆ ತಂದ ಮೇಲೆ ಪೊಲೀಸರು ಜಾಗ ನೋಡಲು ಬಂದರು. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ನಾನು ಕಿಟಕಿಯ ಪಕ್ಕ ಮಂಚದ ಮೇಲಿದ್ದೆ. ಕೆಳಗೆ ಗುಲಾಬಿ ಹೂವಿನ ಗಾದಿ; ರಕ್ತ ಹತ್ತಿದ್ದನ್ನು ಮದುವೆ ಮನೆಗೆ ಕಳಿಸುವಂತಿರಲಿಲ್ಲ, ಅದನ್ನು ನಾವೇ ಇಟ್ಟುಕೊಂಡಿದ್ದೆವು. ಠಾಣೆಯ ಸಬ್‌ಇನ್‌ಸ್ಪೆಕ್ಟರು ಚಾಮರಾಜನಗರದ ಕಡೆಯವರು, ಈ ಕಡೆಗೆ ಹೊಸಬರು. ಅವರು ಗೇಟಿನ ಮುಂದೆ ನಿಂತು, “ಪಾದಚಾರಿ ಎಲ್ಲಿ ನಿಂತಿದ್ರು?” ಎಂದು ಕೇಳಿದರು.

ನನ್ನ ಗಂಡ “ಗೇಟಿನ ಒಳಗ್ರಿ” ಎಂದರು. ಚಾಚಾ “ಹೊರಗ್ರಿ” ಎಂದರು. ನಾನು ಕಿಟಕಿಯಿಂದ, “ಒಂದು ಕಾಲು ಒಳಗ, ಒಂದು ಕಾಲು ಹೊರಗ ಇತ್ರಿ” ಎಂದು ಕೂಗಿದೆ.

“ಮುರಿದ ಕಾಲು ಎಲ್ಲಿತ್ತು ಮೇಡಂ?”

“ಹೊರಗ್ರಿ. ರಸ್ತಾದಾಗ.”

“ಹಾಗಾದ್ರೆ ಸಾರ್ವಜನಿಕ ರಸ್ತೆ. ಬರ್ಕೊಳಮ್ಮ.”

ಹೆಡ್ ಕಾನ್ಸ್‌ಟೇಬಲ್ ಬರೆದುಕೊಂಡರು. ನಾನು ನಿಂತಿದ್ದ ಭಂಗಿ ತೋರಿಸಲು ಚಾಚಾ ನನ್ನ ಬದಲಿಗೆ ನಿಲ್ಲಬೇಕಾಯಿತು. ಒಂದು ಕಾಲು ಗೇಟಿನ ಇಳಿಜಾರಿನ ಮೇಲೆ, ಒಂದು ಕಾಲು ಡಾಂಬರಿನ ಮೇಲೆ ಇಟ್ಟು, ಕೈ ಮೇಲೆತ್ತಿ, ಥೇಟ್ ನನ್ನ ಹಾಗೆ “ಬರ್ಲಿ, ಬರ್ಲಿ” ಎಂದರು. ಅವರ ಚಪ್ಪಲಿಯ ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಮುಂದಿನ ಮಳೆ ಬರುವವರೆಗೂ ನನ್ನ ಪಾದದ ಗುರುತೆಂದು ಜನ ನೋಡಿ ಹೋಗುತ್ತಿದ್ದದ್ದು ಚಾಚಾ ಅವರ ಪಾದ.

“ಬಸ್ಸು ಯಾವ ಕಡೆಯಿಂದ ಬಂತು?” ಎಂದು ಸಬ್‌ಇನ್‌ಸ್ಪೆಕ್ಟರು ಕೇಳಿದರು.

“ಬಸ್ ಎಲ್ಲಿ ಬಂತ್ರಿ ಸಾಹೇಬ್ರ?” ಎಂದರು ಚಾಚಾ. “ಬರಲಿಲ್ಲ.”

“ಬಸ್ ಅಂತ ಕೂಗಿದ್ರು ಅಂತ ಹೇಳಿಕೆಯಲ್ಲೇ ಇದೆಯಲ್ಲ?”

“ಹೌದ್ರಿ. ಬಸ್ ಅಂದ್ರು. ಮೂರು ಸಲ ಅಂದ್ರು. ನಾ ಕೇಳೀನಿ.”

“ಮತ್ತೆ ಬಸ್ಸು ಬರ್ಲಿಲ್ಲ ಅಂತೀರಿ?”

“ಬಸ್ ಅಂದ್ರ ಬಸ್ ಅಲ್ರಿ. ಬಸ್ ಅಂದ್ರ… ಬಸ್!” ಎಂದು ಚಾಚಾ ಅಂಗೈ ಮುಂದೆ ಹಿಡಿದು ತೋರಿಸಿದರು. ಟ್ರಾಫಿಕ್ ಪೊಲೀಸರು ಬಸ್ಸು ನಿಲ್ಲಿಸುವುದೂ ಹಾಗೇ. ಸಬ್‌ಇನ್‌ಸ್ಪೆಕ್ಟರಿಗೆ ಅನುಮಾನ ಗಟ್ಟಿಯಾಯಿತು. ಯಾವುದೋ ಬಸ್ಸು ಜೋರಾಗಿ ಬಂದಿದೆ, ಪರಿಚಯದ ಡ್ರೈವರ್ ಇರಬೇಕು, ಈ ಮುದುಕ ಮುಚ್ಚಿಡುತ್ತಿದ್ದಾನೆ ಎಂದು ಅವರು ಭಾವಿಸಿದರು. ಬಸ್ಸಿನದೂ ತಪ್ಪಿದ್ದರೆ ಹೊಣೆ ಇಬ್ಬರಿಗೂ ಹಂಚಿಹೋಗುತ್ತದೆ, ಸತ್ಯ ಹೊರಗೆ ಬರಲೇಬೇಕು ಎಂದು ನನಗೂ ಕಿಟಕಿಯ ಬಳಿ ಬಂದು ತಿಳಿಸಿ ಹೋದರು. ನಾನು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಜೀಪು ಹೊರಟಿತ್ತು.

ಹೀಗೆ ಬಸ್ಸಿನ ಹುಡುಕಾಟ ಶುರುವಾಯಿತು. ಭಾನುವಾರ ಬೆಳಿಗ್ಗೆ ಆ ಹೊತ್ತಿಗೆ ನಮ್ಮ ಮನೆ ಮುಂದೆ ಹಾಯುವ ಬಸ್ಸು ಯಾವುದು, ಅದನ್ನು ಓಡಿಸುತ್ತಿದ್ದವರು ಯಾರು ಎಂದು ಸಬ್‌ಇನ್‌ಸ್ಪೆಕ್ಟರು ವಿಚಾರಿಸಿದರು. ಅದು ನನಗೆ ಗೊತ್ತಾದದ್ದು ಒಂದು ಸಂಜೆ ಖಾಕಿ ಅಂಗಿಯ ಒಬ್ಬ ಗೃಹಸ್ಥರು ಬಾಳೆಹಣ್ಣಿನ ಚೀಲ ಹಿಡಿದು ಬಂದು ನನ್ನ ಮಂಚದ ಮುಂದೆ ನಿಂತಾಗ. ಕುಷ್ಟಗಿಯವರು, ಬಸ್ಸಿನ ಡ್ರೈವರು.

“ಅಕ್ಕಾರ, ನಾ ನಿಮಗ ಏನ್ ಮಾಡೀನ್ರಿ?” ಎಂದರು. “ಅವತ್ತು ನನ್ನ ಗಾಡಿ ತಾವರಗೇರ್ಯಾಗ ಪಂಕ್ಚರ್ ಆಗಿ ನಿಂತಿತ್ತು. ನಾ ಗಂಗಾವತಿಗೆ ಬಂದದ್ದಾ ಮಧ್ಯಾಹ್ನಕ್ಕ. ನನ್ನ ಬಸ್ ನೋಡಿ ನೀವು ಒದರಿದ್ರಿ ಅಂತ ಹೇಳೀರಂತಲ್ರಿ. ಹತ್ತು ಸಲ ದೇವರ ಮುಂದ ನಿಂತು ನೆನಪು ಮಾಡಿಕೊಂಡೆ. ನಾ ಇರಲೇ ಇಲ್ರಿ.”

ನಾನು ಅವರನ್ನು ಕೂರಿಸಿ, ಬಸ್ ಎಂದರೆ ಏನೆಂದು ಹೇಳಿದೆ. ಅವರು ಅಲ್ಲಿಯವರೆಗೂ ಹಿಡಿದುಕೊಂಡೇ ಇದ್ದ ಬಾಳೆಹಣ್ಣಿನ ಚೀಲ ಕೆಳಗಿಟ್ಟರು. ಆಮೇಲೆ, “ಅಷ್ಟೇನ್ರಿ?” ಎಂದರು. ಆಗ ನನ್ನ ಗಂಡ ಚಹಾ ತಂದು ಬಗ್ಗಿಸತೊಡಗಿದರು. ಡ್ರೈವರು ಕಪ್ಪಿನ ಮೇಲೆ ಕೈ ಅಡ್ಡ ಹಿಡಿದು “ಬಸ್ ಬಸ್” ಎಂದವರು, ನಾಲಿಗೆ ಕಚ್ಚಿಕೊಂಡು ಸುತ್ತ ನೋಡಿದರು. ನಾವು ಮೂವರೂ ನಕ್ಕೆವು. ಆ ಘಟನೆಯ ನಂತರ ನನ್ನ ಗಂಡ ನಕ್ಕದ್ದು ಅದೇ ಮೊದಲು. ಬಾಳೆಹಣ್ಣು ತಿರುಗಿ ಒಯ್ಯಿರಿ ಎಂದರೂ ಅವರು ಕೇಳಲಿಲ್ಲ.

ಮರುದಿನವೇ ಹೆಡ್ ಕಾನ್ಸ್‌ಟೇಬಲ್‌ಗೆ ಫೋನ್ ಮಾಡಿ ಕರೆಸಿ ಇನ್ನೊಂದು ಹೇಳಿಕೆ ಬರೆಸಿದೆ. ಈ ಸಲ ಪ್ರತಿ ಸಾಲು ನಾನೇ ಹೇಳಿದೆ, ತರಗತಿಯಲ್ಲಿ ಉಕ್ತಲೇಖನ ಕೊಡುವ ಹಾಗೆ. “ಇಲ್ಲಿ ಬಸ್ ಎಂಬುದು ನಾಮಪದವಲ್ಲ. ಸಾಕು ಎಂಬ ಅರ್ಥದ ಅವ್ಯಯ. ಸದರಿ ಸಮಯದಲ್ಲಿ ಯಾವುದೇ ಬಸ್ಸು ಅಸ್ತಿತ್ವದಲ್ಲಿರಲಿಲ್ಲ.” ಅವರು ಬರೆದು ಮುಗಿಸಿ, “ಅಕ್ಕಾರ, ನಮ್ಮ ಸಾಹೇಬ್ರಿಗೆ ಅವ್ಯಯ ತಿಳೀಬೇಕಲ್ರಿ” ಎಂದರು. ಏನು ತಿಳಿಯಿತೋ, ಬಸ್ಸಿನ ವಿಷಯ ಅಲ್ಲಿಗೆ ನಿಂತಿತು.

ಅದಾದ ಮೇಲೆ ಬಂದದ್ದು ನೋಟಿಸು. ಅದನ್ನೂ ಅವರೇ ತಂದರು. ಎರಡು ಕಾಗದ ತೆಗೆದು, “ಇದು ಗಾಯಾಳುಗ, ಇದು ಗಾಡಿ ಮಾಲೀಕರಿಗೆ” ಎಂದರು.

“ಎರಡೂ ನಾನಲ್ರಿ?”

“ಹೌದ್ರಿ. ಆದ್ರ ಎರಡು ಕಡೆ ಸಹಿ ಬೇಕು.”

ಗಾಯಾಳುವಿನ ಕಾಗದದಲ್ಲಿ ಚಿಕಿತ್ಸೆಯ ವಿವರ ಕೇಳಿದ್ದರು, ಅದು ಸರಿ. ಮಾಲೀಕರದು ಗಡುಸಾಗಿತ್ತು. ನಿಮ್ಮ ಮಾಲೀಕತ್ವದ ಕಾರು ರಸ್ತೆಯ ಅಂಚಿನಲ್ಲಿ ನಿಂತಿದ್ದ ಒಬ್ಬ ಮಹಿಳೆಗೆ ಡಿಕ್ಕಿ ಹೊಡೆದು ಭಾರಿ ಗಾಯಪಡಿಸಿರುತ್ತದೆ. ಆ ಸಮಯದಲ್ಲಿ ಕಾರನ್ನು ಯಾರ ವಶಕ್ಕೆ ಕೊಟ್ಟಿದ್ದಿರಿ, ಆತನಿಗೆ ಲೈಸೆನ್ಸು ಇತ್ತೇ, ಗಾಯಾಳುವಿಗೆ ನೆರವು ಒದಗಿಸಲು ನೀವು ಏನು ಕ್ರಮ ಕೈಗೊಂಡಿರಿ, ತಪ್ಪದೆ ತಿಳಿಸತಕ್ಕದ್ದು. ಓದುತ್ತ ಹೋದ ಹಾಗೆ ಯಾರೋ ಒಬ್ಬ ಬಡಪಾಯಿ ಹೆಂಗಸು ರಸ್ತೆಯ ಅಂಚಿನಲ್ಲಿ ಬಿದ್ದಂತೆ, ನಾನು ಕಾರಿನ ಗಾಜು ಏರಿಸಿಕೊಂಡು ಹೊರಟುಹೋದಂತೆ ಅನ್ನಿಸಿ ನನಗೇ ನಾಚಿಕೆಯಾಯಿತು.

ಉತ್ತರ ಬರೆದೆ. ಕಾರು ನನ್ನದು ಹೌದು. ಚಾಲಕ ನನ್ನ ಪತಿ. ಕಲಿಯುವವರ ಲೈಸೆನ್ಸು ಇದೆ. ಅವರ ಪಕ್ಕದಲ್ಲಿ ಕೂರಬೇಕಾಗಿದ್ದ, ಪೂರ್ಣ ಲೈಸೆನ್ಸುಳ್ಳ ವ್ಯಕ್ತಿ ನಾನೇ. ಆದರೆ ಆ ಹೊತ್ತಿಗೆ ನಾನು ಕಾರಿನ ಹಿಂದೆ ಇದ್ದೆ. ಗಾಯಾಳುವಿನ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದೇನೆ, ಏಕೆಂದರೆ ಸದರಿ ಗಾಯಾಳು ನಾನೇ.

ಈ ಉತ್ತರವೇ ನನಗೆ ಮುಳುವಾಯಿತು. ಕಲಿಯುವವನ ಕೈಗೆ ಸ್ಟಿಯರಿಂಗ್ ಕೊಟ್ಟು ಪಕ್ಕದ ಸೀಟು ಬಿಟ್ಟು ಇಳಿದದ್ದಕ್ಕೆ ಮಾಲೀಕಳ ಮೇಲೂ ಕೇಸಾಯಿತು. ನನ್ನ ಗಂಡ ಒಂದನೇ ಆರೋಪಿ, ನಾನು ಎರಡನೇ ಆರೋಪಿ. ಸಾಕ್ಷಿಗಳ ಪೈಕಿ ಮೊದಲನೆಯವಳೂ ನಾನೇ.

ಆಗ ನಾವು ವಕೀಲರ ಹತ್ತಿರ ಹೋದೆವು. ಅವರ ಕಚೇರಿ ಮಹಡಿಯ ಮೇಲೆ, ನನಗೆ ಹತ್ತಲಾಗದು. ವಕೀಲರೇ ಕೆಳಗಿಳಿದು ಬಂದು ಆಟೊದಲ್ಲಿ ನನ್ನ ಎದುರು ಕೂತರು. ನನ್ನ ಗಂಡ ಹೊರಗೆ ನಿಂತು ತಲೆ ಒಳಗೆ ಹಾಕಿದರು. ಕಾರಿಗೆ ವಿಮೆ ಇದೆ, ಆಸ್ಪತ್ರೆಯ ಖರ್ಚಾದರೂ ಬರಬಹುದೇ ಎಂದು ಕೇಳಿದೆ.

“ವಿಮೆ ಇರೋದು ಮೂರನೇ ವ್ಯಕ್ತಿಗೆ ರೀ,” ಎಂದರು ವಕೀಲರು. “ಮಾಲೀಕರು ಒಂದನೇದವರು, ಕಂಪನಿ ಎರಡನೇದು. ನಿಮ್ಮ ಗಾಡಿಯಿಂದ ಹೊರಗಿನವರಿಗೆ ಪೆಟ್ಟಾದ್ರ, ಕೊಡಬೇಕಾದವರು ನೀವು. ನಿಮ್ಮ ಪರವಾಗಿ ಕಂಪನಿ ಕೊಡ್ತೈತಿ. ನೀವಾ ನಿಮಗ ಕೊಡಬೇಕು ಅಂದ್ರ ಕಂಪನಿ ಏನ್ ಮಾಡ್ಬೇಕು ಹೇಳ್ರಿ? ನೀವು ಹೊರಗಿನವರಲ್ಲ.”

“ಕಾಲು ಹೊರಗ ಇತ್ತಲ್ರಿ.”

“ಕಾಲು ಹೊರಗಿತ್ತು. ಮಾಲೀಕತ್ವ ಒಳಗಿತ್ತು.” ಅವರು ನಿಜವಾಗಿ ನೊಂದುಕೊಂಡವರಂತೆ ನಾಲಿಗೆ ಲೊಚಗುಟ್ಟಿದರು. “ನೀವು ಹೊಡದು ಸಾಹೇಬ್ರು ಸಿಕ್ಕಿದ್ರ ಭಾಳ ಛಲೋ ಕೇಸ್ ಇತ್ರಿ. ಗಾದಿ ಅಂಗಡಿಯವರು ಸಿಕ್ಕಿದ್ರೂ ಅಡ್ಡಿ ಇರಲಿಲ್ಲ.”

ನನ್ನ ಗಂಡ ಆಟೊದಿಂದ ತಲೆ ಹೊರಗೆ ತೆಗೆದುಕೊಂಡರು. ವಕೀಲರು ಅವರ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. “ಸಾಹೇಬ್ರ, ಒಂದು ನೆನಪಿಡ್ರಿ. ಕೇಸು ಮುಗಿಯೋತನಕ ತಪ್ಪಾತು ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಗಾಯಾಳು ಮುಂದಂತೂ ಬ್ಯಾಡಾ ಬ್ಯಾಡ. ಅವರು ಸಾಕ್ಷಿ ಅದಾರ. ನಾಳೆ ಕೋರ್ಟಿನ್ಯಾಗ ನಿಂತು, ನನ್ನ ಮುಂದ ಒಪ್ಪಿಕೊಂಡಾರ ಅಂದ್ರ ಮುಗೀತು.”

ವಕೀಲರು ಅದನ್ನು ಅಭ್ಯಾಸಬಲದಿಂದ ಹೇಳಿರಬೇಕು. ಎಲ್ಲ ಕಕ್ಷಿದಾರರಿಗೂ ಹೇಳುವ ಮಾತು. ಆದರೆ ನನ್ನ ಗಂಡ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು.

ಆ ತಿಂಗಳುಗಳು ವಿಚಿತ್ರವಾಗಿದ್ದವು. ಅವರು ನಸುಕಿನಲ್ಲಿ ಎದ್ದು ನನಗೆ ಬಿಸಿನೀರು ಇಡುತ್ತಿದ್ದರು. ರೊಟ್ಟಿ ತಟ್ಟಲು ಬಾರದೆ ಚಪಾತಿ ಕಲಿತರು. ಅದು ಯಾವತ್ತೂ ದುಂಡಗಾಗಲಿಲ್ಲ. ಬೆನ್ನಿಗೆ ದಿಂಬು ಕೊಡುವುದು, ಊರುಗೋಲು ಹತ್ತಿರ ಇಡುವುದು, ಪ್ಲಾಸ್ಟರಿನೊಳಗೆ ತುರಿಸಿದರೆ ಅಂಗಡಿಯಿಂದ ತಂದ ಉದ್ದನೆಯ ಸ್ಕೇಲು ಕೊಡುವುದು, ಎಲ್ಲ ಮಾಡಿದರು. ಎಷ್ಟೋ ಸಲ ಮಂಚದ ಅಂಚಿಗೆ ಕೂತು, ನನ್ನ ಕಾಲು ನೋಡುತ್ತ ಬಾಯಿ ತೆಗೆಯುತ್ತಿದ್ದರು. “ನಾ…” ಎಂದು ಶುರು ಮಾಡಿ, “ನಾ ಅಂಗಡಿಗೆ ಹೋಗಿ ಬರ್ತೀನಿ” ಎಂದು ಮುಗಿಸುತ್ತಿದ್ದರು. ನನಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟು. ಒಂದು ದಿನ ಸಿಟ್ಟೇ ಬಂದು, “ಒಂದು ಮಾತು ಅಂದ್ರ ಗಂಟೇನು ಹೋಗ್ತೈತ್ರಿ?” ಎಂದೆ.

ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ನೀ ಸಾಕ್ಷಿ ಅದೀ” ಎಂದರು.

ಆ ದಿನ ನಾನು ಊಟ ಮಾಡಲಿಲ್ಲ. ಅವರೂ ಮಾಡಲಿಲ್ಲ. ಸಂಜೆ ಚಾಚಾ ಬಂದು ಇಬ್ಬರನ್ನೂ ನೋಡಿ, ಏನನ್ನೂ ಕೇಳದೆ, ಮನೆಯಿಂದ ಖಿಚಡಿ ತಂದು ಇಟ್ಟು ಹೋದರು.

ಪೊಲೀಸರು ಜಪ್ತಿ ಮಾಡಿ ಠಾಣೆಯಲ್ಲಿಟ್ಟಿದ್ದ ಕಾರನ್ನು ಮಾಲೀಕರಿಗೆ ಬಿಟ್ಟುಕೊಡಲು ಕೋರ್ಟು ಆದೇಶ ಮಾಡಿತು. ಪ್ಲಾಸ್ಟರು ಬಿಚ್ಚಿದ್ದರೂ ಎಡಗಾಲಿನಿಂದ ಕ್ಲಚ್ ಒತ್ತುವ ಶಕ್ತಿ ನನಗಿರಲಿಲ್ಲ. ನನ್ನ ಗಂಡ ಒಬ್ಬರೇ ಓಡಿಸುವಂತಿಲ್ಲ, ಪಕ್ಕದಲ್ಲಿ ಲೈಸೆನ್ಸು ಇದ್ದವರು ಕೂರಬೇಕು. ಸಬ್‌ಇನ್‌ಸ್ಪೆಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. “ಕಾನೂನು ಪ್ರಕಾರ ನೀವು ಓಡಿಸಬೇಕು, ಇವರು ಪಕ್ಕದಲ್ಲಿ ಕೂರಬೇಕು. ಬೇರೆ ದಾರಿ ಇಲ್ಲ” ಎಂದು ನನ್ನ ಗಂಡನಿಗೆ ಹೇಳಿದರು. ಕಾರು ಗೋಡೆಗೆ ಮೂತಿ ಹಚ್ಚಿ ನಿಂತಿತ್ತು, ಹಿಂದಕ್ಕೇ ತೆಗೆಯಬೇಕು. ಅಂಗಳದಲ್ಲಿದ್ದ ಪೊಲೀಸರೆಲ್ಲ ಕಟ್ಟೆ ಹತ್ತಿ ನಿಂತರು. ಹೆಡ್ ಕಾನ್ಸ್‌ಟೇಬಲ್ ಮಾತ್ರ ದೂರದಿಂದ ಕೈ ಬೀಸುತ್ತಿದ್ದರು, ಬಾಯಿ ಬಿಗಿ ಮುಚ್ಚಿಕೊಂಡು. ನನ್ನ ಗಂಡ ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಉಸಿರು ಹಿಡಿದು, ಎತ್ತಿನಗಾಡಿಗಿಂತ ನಿಧಾನವಾಗಿ ಕಾರನ್ನು ಹೊರಗೆ ತಂದರು. ಯಾರೋ ಚಪ್ಪಾಳೆ ತಟ್ಟಿದರು.

ಕೊನೆಗೆ ಕೋರ್ಟಿನ ದಿನ ಬಂತು. ತಪ್ಪು ಒಪ್ಪಿಕೊಂಡರೆ ದಂಡ ಕಟ್ಟಿ ಅವತ್ತೇ ಮುಗಿಸಬಹುದು ಎಂದು ವಕೀಲರು ಹೇಳಿದ್ದರು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಾರಿಗೆಯವರು. ಕಡತ ತಿರುವಿ, “ಗಾಯಾಳು ಬಂದಿದಾರಾ?” ಎಂದರು. ನಾನು ಊರುಗೋಲು ಹಿಡಿದು ಎದ್ದೆ. “ಕೂತ್ಕೊಳ್ಳಿ ಅಮ್ಮ, ನಿಲ್ಲಬೇಡಿ” ಎಂದರು. ಕೂತೆ. “ಗಾಡಿ ಮಾಲೀಕರು?” ಎಂದರು. ಮತ್ತೆ ಎದ್ದೆ.

“ನೀವು ಕೂತ್ಕೊಳ್ಳಿ ಅಮ್ಮ. ಮಾಲೀಕರು ಬರಲಿ.”

“ನಾನಾ ರೀ.”

ಅವರು ಕಡತವನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು. ಓದುತ್ತ ಕನ್ನಡಕ ತೆಗೆದು ಒರೆಸಿದರು. “ಎರಡನೇ ಆರೋಪಿ ವಿರುದ್ಧ ಮೊದಲನೇ ಸಾಕ್ಷಿ…” ಎಂದು ತಮ್ಮಷ್ಟಕ್ಕೆ ಅಂದುಕೊಂಡು ನಿಲ್ಲಿಸಿದರು. ಆಮೇಲೆ ನನ್ನ ಗಂಡನನ್ನು ಕರೆದು ಆರೋಪ ಓದಿ ಹೇಳಿಸಿ, “ತಪ್ಪು ಒಪ್ಪಿಕೊಳ್ತೀರಾ?” ಎಂದು ಕೇಳಿದರು.

ನನ್ನ ಗಂಡ ಕಟಕಟೆಯಲ್ಲಿ ನಿಂತವರು ಪೂರ್ತಿ ಹೊರಳಿ, ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ಮುಖ ಮಾಡಿದರು.

“ತಪ್ಪಾತು,” ಎಂದರು. “ಭಾಳ ತಪ್ಪಾತು ನನ್ನಿಂದ. ನಾ ತಿರಿಗಿ ನೋಡಬೇಕಿತ್ತು, ನೋಡಲಿಲ್ಲ. ನಿನಗ ಭಾಳ ನೋವಾತು.”

ನಮ್ಮ ಹಿಂದೆ ತಮ್ಮ ಸರದಿಗೆ ಕಾಯುತ್ತಿದ್ದವರು ಕುತ್ತಿಗೆ ಎತ್ತಿ ನೋಡಿದರು. ಗುಮಾಸ್ತರು ಬರೆಯುವುದೋ ಬೇಡವೋ ತಿಳಿಯದೆ ಪೆನ್ನು ಹಿಡಿದು ಕೂತರು. ನನಗೆ ಕಣ್ಣು ತುಂಬಿ ಎದುರಿಗಿನದು ಏನೂ ಕಾಣಲಿಲ್ಲ.

“ಕೋರ್ಟಿನ ಕಡೆ ನೋಡಿ ಹೇಳಿ,” ಎಂದರು ನ್ಯಾಯಾಧೀಶರು. ದನಿ ಮೆತ್ತಗಿತ್ತು.

ಅವರು ಮತ್ತೆ ಹೊರಳಿ, “ತಪ್ಪಾತ್ರಿ” ಎಂದರು. ಅದನ್ನು ಬರೆದುಕೊಂಡರು.

ನನ್ನ ಸರದಿ ಬಂತು. ಕಲಿಯುವ ಚಾಲಕನನ್ನು ಒಬ್ಬನೇ ಬಿಟ್ಟು ಇಳಿದದ್ದು ನಿಜವೇ ಎಂದು ಕೇಳಿದರು. ನಿಜ ಎಂದೆ. ಏನಾದರೂ ಹೇಳುವುದಿದೆಯೇ ಎಂದರು.

“ನಾ ಇಳೀಲಿಲ್ಲ ಅಂದ್ರ ಅವರಿಗೆ ಹಿಂದ ಏನೂ ಕಾಣಿಸ್ತಿರಲಿಲ್ರಿ.”

“ಇಳಿದ ಮೇಲೆ ಕಾಣಿಸ್ತಾ?”

“ಇಲ್ರಿ.”

ನ್ಯಾಯಾಧೀಶರು ತಲೆ ತಗ್ಗಿಸಿ ಬಹಳ ಹೊತ್ತು ಏನೋ ಬರೆದರು. ಅವರ ಭುಜ ಸಣ್ಣಗೆ ಅಲುಗುತ್ತಿತ್ತು. ಇಬ್ಬರಿಗೂ ದಂಡ ಹಾಕಿದರು. ಪಾದಚಾರಿಗೆ ಆದ ನೋವಿಗೆ ಚಾಲಕನೂ ಮಾಲೀಕಳೂ ದಂಡ ಕಟ್ಟಿದರು. ಪಾದಚಾರಿಗೆ ಏನೂ ಸಿಗಲಿಲ್ಲ.

ಹೊರಗೆ ಬಂದು ಎದುರಿನ ಅಂಗಡಿಯಲ್ಲಿ ಮಿರ್ಚಿ, ಮಂಡಕ್ಕಿ ತೆಗೆದುಕೊಂಡು ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆವು. ನನ್ನ ಗಂಡ ಮಾತಾಡತೊಡಗಿದರು. ಅಷ್ಟು ತಿಂಗಳು ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಬಂತು. ಕಾರಿಗೆ ಏನೋ ತಾಗಿದಾಗ ಗೇಟಿನ ಕಂಬ ಎಂದುಕೊಂಡರಂತೆ, ಕಂಬ ಹೋದರೆ ಹೋಗಲಿ ಜೀವ ಉಳಿಯಿತಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತಂತೆ. ಕಿಟಕಿಯಿಂದ ತಲೆ ಹಾಕಿ ನೋಡಿದರೆ ಕಂಬ ನೆಟ್ಟಗೆ ನಿಂತಿತ್ತು, ನಾನು ಇರಲಿಲ್ಲ. “ನೀನಾ ಇರಲಿಲ್ಲ,” ಎಂದು ಮತ್ತೆ ಮತ್ತೆ ಅಂದರು. ಆಗ ಏನು ಮಾಡಬೇಕೆಂದು ತಿಳಿಯದೆ, ನಾನು ಕಲಿಸಿದ್ದು ಏನೇನಿತ್ತೋ ಅದನ್ನೆಲ್ಲ ಒಂದೊಂದಾಗಿ ಮಾಡಿದರಂತೆ. ನಾನು ನನ್ನ ಮಿರ್ಚಿ ಮುಗಿಸಿ ಅವರದನ್ನೂ ತಿಂದೆ. ಅವರು ಗಮನಿಸಲಿಲ್ಲ.

ಕೊಪ್ಪಳದಲ್ಲಿ ಪರೀಕ್ಷೆ ಕೊಟ್ಟು ಅವರು ಪೂರ್ಣ ಲೈಸೆನ್ಸು ಪಡೆದರು. ಮೊದಲ ಸಲ ಹಿಮ್ಮುಖದಲ್ಲಿ ಸೋತು, ಎರಡನೇ ಸಲ ಗೆದ್ದರು. ನನ್ನ ಎಡಗಾಲು ಪೂರ್ತಿ ಸುಧಾರಿಸಿಲ್ಲ, ಕ್ಲಚ್ ಒತ್ತಿದರೆ ಇನ್ನೂ ನೋಯುತ್ತದೆ. ಈಗ ದಿನಾ ಬೆಳಿಗ್ಗೆ ಅವರೇ ನನ್ನನ್ನು ಸಿದ್ದಾಪುರಕ್ಕೆ ಬಿಟ್ಟು, ಅಂಗಡಿ ತೆರೆಯುವ ಹೊತ್ತಿಗೆ ವಾಪಸು ಹೋಗುತ್ತಾರೆ. ಎರಡೂ ಕಡೆ ಭತ್ತದ ಗದ್ದೆ, ನಡುವೆ ಕಿರಿದಾದ ರಸ್ತೆ. ಹೋಗುವ ತನಕ ಒಂದೇ ಸಮನೆ ಮಾತಾಡುತ್ತಾರೆ. ಮಾತಾಡುವಾಗ ನನ್ನ ಮುಖ ನೋಡುವುದು ಅವರ ರೂಢಿ. ಮುಂದ ನೋಡ್ರಿ, ರಸ್ತಾ ನೋಡ್ರಿ ಎಂದು ನಾನು ಹೇಳುತ್ತಲೇ ಇರುತ್ತೇನೆ.